ಭಾನುವಾರದ ಬ್ಯಾಕಪ್ ವಿಚಾರ

ಎಲ್ಲರಿಗೂ ನಮಸ್ಕಾರ. ಇಷ್ಟನ್ನೂ ಬೆರಳಿನಿಂದ ಒತ್ತುತ್ತ ಕುಳಿತರೆ ಮಧ್ಯರಾತ್ರಿಯಾದೀತು, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಅಡುಗೆ ಮಾಡುತ್ತ ಕೇಳಿಸಿಕೊಳ್ಳಿ.

ಎ ವಿಂಗಿನ ಹುಡುಗರು ಬೆಳಿಗ್ಗೆ ಹಾಕಿದ ಸಂದೇಶ ನೋಡಿದೆ. ಹಿರಿಯರ ಕಂಪ್ಯೂಟರುಗಳ ಬ್ಯಾಕಪ್ ಕೆಲಸವನ್ನು ಈ ಭಾನುವಾರ ಒಂದೇ ದಿನದಲ್ಲಿ ಮುಗಿಸೋಣ, ಚಂದಾ ಎತ್ತಿ ಒಂದು ದೊಡ್ಡ ಹಾರ್ಡ್ ಡಿಸ್ಕ್ ತರೋಣ, ಹನ್ನೊಂದು ಮನೆಗಳದ್ದನ್ನೂ ಅದಕ್ಕೇ ತುಂಬಿ ಸೊಸೈಟಿ ಕಚೇರಿಯ ಕಪಾಟಿನಲ್ಲಿಡೋಣ ಎಂದಿದ್ದೀರಿ. ನಿಮ್ಮ ಉತ್ಸಾಹಕ್ಕೆ ನನ್ನ ಕೈಯಿಂದ ಚಹಾ, ಅವಲಕ್ಕಿ ಖಂಡಿತ. ಆದರೆ ಆ ಒಂದು ಡಿಸ್ಕಿನ ಮಾತನ್ನು ಬಿಟ್ಟುಬಿಡಿ.

ಹಿರಿಯರ ಕಂಪ್ಯೂಟರಿನಲ್ಲಿ ಏನೇನಿರುತ್ತದೆ ಗೊತ್ತೇ? ‘ಪಾಸ್‌ವರ್ಡ್’ ಎಂದೇ ಹೆಸರಿಟ್ಟ ಎಕ್ಸೆಲ್ ಫೈಲು, ಅದೂ ಡೆಸ್ಕ್‌ಟಾಪಿನ ನಟ್ಟನಡುವೆ. ಪ್ಯಾನ್, ಆಧಾರ್ ಪ್ರತಿಗಳು. ಉಯಿಲಿನ ಕರಡು. ಮಗನ ಮೇಲೆ ಮುನಿಸಿಕೊಂಡು ಬರೆದು, ಕಳುಹಿಸದೆ ಉಳಿಸಿಕೊಂಡ ಪತ್ರ. ಇಂಥ ಹನ್ನೊಂದು ಮನೆಗಳ ಗುಟ್ಟು ಒಂದೇ ಕಪಾಟಿನಲ್ಲಿ, ಕಪಾಟಿನ ಕೀಲಿ ಗೋಡೆಯ ಮೊಳೆಯಲ್ಲಿ! ಅವರವರ ಡಿಸ್ಕ್ ಅವರವರ ಮನೆಯಲ್ಲಿರಲಿ. ಒಂದು ಟೆರಾಬೈಟಿನದು ಸಾಮಾನ್ಯ ಮನೆಗೆ ಧಾರಾಳವಾಯಿತು.

ಇನ್ನೊಂದು, ಸೊಸೈಟಿ ಕಚೇರಿ ಇರುವುದು ನೆಲಮಹಡಿಯಲ್ಲಿ. ಇದು ಮುಂಬಯಿಯ ಕಲೀನಾ, ಮರೆಯಬೇಡಿ. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾದಾಗ ನಿಮ್ಮಲ್ಲಿ ಕೆಲವರು ಇನ್ನೂ ತೊಟ್ಟಿಲಲ್ಲಿದ್ದಿರಿ. ನಾವಾಗ ನೆಲಮಹಡಿಯಲ್ಲಿದ್ದೆವು. ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ ನೆಲದ ಮೇಲಿತ್ತು. ನಾನು ಮಹಾ ಜಾಣೆ, ಫೋಟೊಗಳನ್ನೆಲ್ಲ ಮೊದಲೇ ಸಿಡಿಗಳಿಗೆ ಇಳಿಸಿಟ್ಟಿದ್ದೆ. ಆ ಸಿಡಿಗಳನ್ನಿಟ್ಟದ್ದು ಅದೇ ಮೇಜಿನ ಕೆಳಖಾನೆಯಲ್ಲಿ! ಎರಡು ದಿನ ಕೆಸರಿನಲ್ಲಿ ನೆನೆದ ಸಿಡಿಗಳನ್ನು ಒರೆಸಹೋದರೆ ಬೆಳ್ಳಿಯ ಪದರವೇ ಬಟ್ಟೆಗೆ ಅಂಟಿಕೊಂಡು ಬಂತು. ಉಳಿದದ್ದು ಮಗಳ ನಾಮಕರಣದ ಫೋಟೊಗಳು ಮಾತ್ರ, ಅದೂ ಧಾರವಾಡದ ಅಕ್ಕನಿಗೆ ನೋಡಲೆಂದು ಅಂಚೆಯಲ್ಲಿ ಒಂದು ಪ್ರತಿ ಕಳುಹಿಸಿದ್ದರಿಂದ. ಹಾಗಾಗಿ ಅವರವರ ಮನೆಯದಲ್ಲದೆ ಎರಡನೆಯ ಡಿಸ್ಕೂ ಒಂದು ಬೇಕು, ಅದು ಬೇರೆ ಊರಿನಲ್ಲೋ, ಕೊನೆಗೆ ಠಾಣೆ ನಗರದಲ್ಲಿರುವ ಮಗಳ ಮನೆಯಲ್ಲೋ ಇರಬೇಕು. ಗಣಪತಿಗೆ ಹೋದಾಗ ಒಂದನ್ನು ಕೊಟ್ಟು ಇನ್ನೊಂದನ್ನು ತಂದರಾಯಿತು.

ತಡೆಯಿರಿ, ವಿಮಾನ ಹೋಗಲಿ. ಹೂಂ.

ಈಗ ಬಿ ವಿಂಗಿನ ಮಾಸ್ತರರ ವಿಷಯ. ಅವರ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ, ಅವರೂ ನಗುತ್ತಾರೆ. ಮುಂಬಯಿಯ ಫೋರ್ಟ್ ಭಾಗದ ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಪಾಠ ಹೇಳಿದ ದಿನಗಳನ್ನು ಅವರು ಹದಿನೈದು ವರ್ಷಗಳಿಂದ ಬರೆಯುತ್ತಿದ್ದಾರೆ. ಕಂಪ್ಯೂಟರ್ ಟಿಕ್ ಟಿಕ್ ಎನ್ನುತ್ತಿದೆ ಎಂದು ಕರೆದರು. ‘ಬ್ಯಾಕಪ್ ಇದೆಯೇ ಮಾಸ್ತರೇ?’ ಎಂದೆ. ‘ಪ್ರತಿ ಶನಿವಾರ ತೆಗೆಯುತ್ತೇನೆ’ ಎಂದು ಪೂಜೆಯ ಕೋಣೆಯಿಂದ ಕುಂಕುಮ ಹಚ್ಚಿದ ಪೆನ್‌ಡ್ರೈವ್ ತಂದರು. ತೆರೆದು ನೋಡಿದರೆ ಹದಿನಾಲ್ಕು ಫೈಲುಗಳು, ಒಂದೊಂದೂ ಎರಡು ಕಿಲೊಬೈಟ್. ಪ್ರತಿ ಚಿತ್ರದ ಎಡ ಮೂಲೆಯಲ್ಲೂ ಒಂದು ಪುಟ್ಟ ಬಾಗಿದ ಬಾಣ. ಎರಡು ವರ್ಷ ಅವರು ಶ್ರದ್ಧೆಯಿಂದ ನಕಲು ಮಾಡಿದ್ದು ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳನ್ನು, ಅಂದರೆ ಫೈಲು ಇರುವ ಜಾಗವನ್ನು ತೋರಿಸುವ ಬರೀ ಗುರುತುಗಳನ್ನು. ಬರಹವೆಲ್ಲ ಸಾಯಲು ಹೊರಟ ಆ ಡಿಸ್ಕಿನ ಡಿ ಡ್ರೈವಿನಲ್ಲೇ ಕುಳಿತಿತ್ತು. ಪುಣ್ಯಕ್ಕೆ ಡಿಸ್ಕ್ ಒಂದು ರಾತ್ರಿಯ ಮಟ್ಟಿಗೆ ಜೀವ ಹಿಡಿದಿತ್ತು, ಎಲ್ಲವನ್ನೂ ಹೊರತೆಗೆದೆ.

ಅಲ್ಲಿಗೂ ಮುಗಿಯಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫೈಲು ತೆರೆದರೆ ಕನ್ನಡದ ಸುಳಿವೇ ಇಲ್ಲ: ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಮಾಸ್ತರರ ಮುಖ ಬಿಳಿಚಿಕೊಂಡಿತು. ಕೆಟ್ಟದ್ದೇನೂ ಆಗಿರಲಿಲ್ಲ. ಅವರು ಬರೆದದ್ದು ‘ನುಡಿ’ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಕಾಲದ ಫಾಂಟುಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿಬೀಳುತ್ತದೆ. ಹುಡುಗರೇ, ನಮ್ಮ ಹಿರಿಯರಲ್ಲಿ ನುಡಿ, ಬರಹ, ಶ್ರೀಲಿಪಿ ಬಳಸಿದವರೇ ಹೆಚ್ಚು. ಫೈಲಿನ ಜೊತೆಗೆ ಆ ಫಾಂಟುಗಳನ್ನೂ, ತಂತ್ರಾಂಶದ ಇನ್‌ಸ್ಟಾಲರ್ ಸಿಕ್ಕರೆ ಅದನ್ನೂ ಡಿಸ್ಕಿಗೆ ಹಾಕಿ. ಹಳೆಯ ಕಂಪ್ಯೂಟರಿನಲ್ಲೇ ಒಂದೊಂದು ಪಿಡಿಎಫ್ ಮಾಡಿಕೊಳ್ಳಿ. ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೆ ಬದಲಾಯಿಸಿದ ಒಂದು ಪ್ರತಿಯೂ ಬೇಕು, ಆದರೆ ಮೂಲವನ್ನು ಅಳಿಸಬೇಡಿ. ಹಾಗೆ ಬದಲಾಯಿಸಿದ ಮಾಸ್ತರರ ಪ್ರತಿಯಲ್ಲಿ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿ ‘ಸೂರ್ಯ’ ವಿಚಿತ್ರವಾಗಿ ಮೂಡಿದ್ದ.

‘ಅಮೆರಿಕದ ಮಗ ಎಲ್ಲವನ್ನೂ ಕ್ಲೌಡಿಗೆ ಹಾಕಿಕೊಟ್ಟಿದ್ದಾನೆ’ ಎನ್ನುವವರು ಮೂರು ಮನೆಯವರಿದ್ದಾರೆ. ಒಳ್ಳೆಯದೇ. ಆದರೆ ಇಂಟರ್ನೆಟ್ಟಿನಲ್ಲಿರುವ ಆ ಸಂಗ್ರಹ ಹೆಚ್ಚಾಗಿ ಕನ್ನಡಿಯ ಹಾಗೆ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಮೇಲ್, ಫೋಟೊ, ಡ್ರೈವ್ ಮೂರೂ ಬರುತ್ತವೆ. ಮೊಮ್ಮಗನ ವಿಡಿಯೊಗಳಿಂದ ಅದು ತುಂಬಿತೆಂದರೆ ಬ್ಯಾಂಕಿನ ಮೇಲ್ ಸಹ ಬರುವುದಿಲ್ಲ.

ಅವಸರ ಏಕೆ ಬೇಕೆಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹೊಸದನ್ನು ಹಾಕಿಸಲೆಂದು ಹಿರಿಯರು ಒಬ್ಬೊಬ್ಬರಾಗಿ ಕಂಪ್ಯೂಟರನ್ನು ಅಂಗಡಿಗೆ ಒಯ್ಯುತ್ತಿದ್ದಾರೆ. ನನ್ನ ಸೋದರಮಾವನ ಯಂತ್ರವನ್ನು ಒಬ್ಬ ರಿಪೇರಿಯವನು ಏನೂ ಕೇಳದೆ ಪೂರ್ತಿ ಫಾರ್ಮ್ಯಾಟ್ ಮಾಡಿ, ‘ಈಗ ನೋಡಿ, ಎಷ್ಟು ಚುರುಕಾಗಿದೆ’ ಎಂದು ಕೈಗಿತ್ತ. ಚುರುಕಾಗಿಯೇ ಇತ್ತು, ಒಳಗೆ ಏನೂ ಇರಲಿಲ್ಲವಲ್ಲ. ಹೊಸ ಯಂತ್ರ ಕೊಂಡವರ ಮನೆಯಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರಬಹುದು. ಬಿಟ್‌ಲಾಕರ್ ಎಂಬ ವಿಂಡೋಸಿನ ಆ ಬೀಗಕ್ಕೆ 48 ಅಂಕಿಗಳ ಕೀಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಮುದ್ರಿಸಿ ವಿಮೆಯ ಪತ್ರಗಳ ಜೊತೆ ಇಡಿಸಿ.

ಇನ್ನು ನೀವು ನಡೆದುಕೊಳ್ಳುವ ರೀತಿ. ಮೌಸ್ ಅವರ ಕೈಯಲ್ಲೇ ಇರಲಿ. ನೀವು ಟಕಟಕನೆ ಒತ್ತಿ ಹತ್ತು ನಿಮಿಷದಲ್ಲಿ ಮುಗಿಸಿದರೆ ಮುಂದಿನ ತಿಂಗಳು ಮತ್ತೆ ನಿಮ್ಮನ್ನೇ ಕರೆಯಬೇಕು, ಸಂಕೋಚಕ್ಕೆ ಅವರು ಕರೆಯುವುದಿಲ್ಲ. ‘ನಿಮ್ಮ ಡೇಟಾ ಎಲ್ಲಿದೆ’ ಎಂದು ಕೇಳಬೇಡಿ, ಉತ್ತರ ಬರದು. ‘ನಾಳೆ ಬೆಳಿಗ್ಗೆ ಇದು ಸುಟ್ಟುಹೋದರೆ ಯಾವುದಕ್ಕೆ ಹೊಟ್ಟೆ ಉರಿಯುತ್ತದೆ’ ಎಂದು ಕೇಳಿ, ಆಮೇಲೆ ಅದನ್ನು ಹುಡುಕಿ. ಕಟ್ ಮಾಡಿ ಡಿಸ್ಕಿಗೆ ಹಾಕುವ ಅಭ್ಯಾಸ ಕೆಲವರಿಗಿದೆ. ಹಾಗಾದರೆ ಪ್ರತಿ ಮತ್ತೆ ಒಂದೇ ಉಳಿಯಿತು, ಒತ್ತಬೇಕಾದ್ದು ಕಟ್ ಅಲ್ಲ, ಕಾಪಿ ಎಂದು ತೋರಿಸಿಕೊಡಿ. ನಕಲು ಮುಗಿದ ಮೇಲೆ ಡಿಸ್ಕನ್ನು ಕಳಚಿಡಲೇಬೇಕು. 2017ರಲ್ಲಿ ಹಬ್ಬಿದ ವಾನಾಕ್ರೈಯಂಥ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳು ಬಂದರೆ ಸಿಕ್ಕಿಸಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ. ಹೊರಡುವ ಮುನ್ನ ಆ ಡಿಸ್ಕಿನಿಂದ ಒಂದು ಫೋಟೊವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಅವರೇ ತೆರೆಯಲಿ. ತೆರೆಯದಿದ್ದರೆ ಅಲ್ಲಿಂದ ಏಳಬೇಡಿ.

ಒಂದು ಭಾನುವಾರಕ್ಕೆ ಒಬ್ಬರಿಗೆ ಎರಡು ಮನೆ ಸಾಕು. ನೆಲಮಹಡಿಯವರಿಂದ ಶುರು ಮಾಡಿ. ಮಾಸ್ತರರ ಮನೆ ನನಗಿರಲಿ, ಮೂರನೆಯ ಅಧ್ಯಾಯದ ಅರ್ಕಾವತ್ತು ತಿದ್ದುವುದು ಇನ್ನೂ ಬಾಕಿಯಿದೆ.