ಮಳೆಗಾಲದಲ್ಲಿ ಅಲ್ಯೂಮಿನಿಯಂ ಮೆಲ್ಟ್‌ನ (ಕರಗಿದ ಲೋಹದ) ಹೈಡ್ರೋಜನ್ ಅಳೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಪೀಣ್ಯ ಎರಕ: ನಮ್ಮದು ಎಲ್‌ಎಂ25 (ಸಿಲಿಕಾನ್ ಬೆರೆತ ಅಲ್ಯೂಮಿನಿಯಂ), ಗ್ರಾವಿಟಿ ಡೈ (ಒತ್ತಡವಿಲ್ಲದೆ ಲೋಹದ ಅಚ್ಚಿಗೆ ಸುರಿಯುವುದು). ಮಳೆ ಹಿಡಿದ ಮೇಲೆ ಡೆನ್ಸಿಟಿ ಇಂಡೆಕ್ಸ್ (ಗಾಳಿಯಲ್ಲಿ ಗಟ್ಟಿಯಾದ ಸ್ಯಾಂಪಲಿಗಿಂತ ವ್ಯಾಕ್ಯೂಮಿನಲ್ಲಿ ಗಟ್ಟಿಯಾದದ್ದರ ಸಾಂದ್ರತೆ ಶೇಕಡ ಎಷ್ಟು ಕಡಿಮೆ ಅನ್ನೋದು; ಜಾಸ್ತಿ ಅಂದರೆ ಒಳಗೆ ತೂತು ಜಾಸ್ತಿ) ಒಮ್ಮೆ 3, ಒಮ್ಮೆ 8 ಬರುತ್ತಿದೆ. ಮೆಟಲ್ ಒಳಗೇ ಪ್ರೋಬ್ ಇಳಿಸಿ ಹೈಡ್ರೋಜನ್ ಅಳೆಯುವ ಯಂತ್ರ ತಗೊಳ್ಳಲಾ?

ಕರಾವಳಿ ಫೌಂಡ್ರಿ: ನಾವು ಮಂಗಳೂರಿನಲ್ಲಿ ಸಾಲ ಮಾಡಿ ತಂದೆವು. ಯಂತ್ರದ ಹಣ ಒಂದು ಸಲ ಹೋಗುತ್ತದೆ, ಪ್ರೋಬಿನ ಹಣ ಹೋಗುತ್ತಲೇ ಇರುತ್ತದೆ. ಒಂದೊಂದಕ್ಕೂ ಇಪ್ಪತ್ತು ಸಾವಿರದ ಮೇಲೆ, ಜಿಎಸ್‌ಟಿ ಬೇರೆ. ಸರಿಯಾಗಿ ಕಾಯದಿದ್ದರೆ ಸೀಳುತ್ತದೆ, ಅದು ವಾರಂಟಿಗೆ ಬರಲ್ಲ ಅಂದರು ಮಾರಿದವರು. ಆದರೂ ನಾನದನ್ನು ಬಿಡಲ್ಲ. ಡಿಗ್ಯಾಸ್ ಮಾಡಿ (ಗ್ಯಾಸ್ ತೆಗೆದು) ಹೈಡ್ರೋಜನ್ 100 ಗ್ರಾಂಗೆ 0.10 ಮಿ.ಲೀ.ಗೆ ಇಳಿಸಿದ ಮೆಟಲ್, ಹೋಲ್ಡಿಂಗ್ ಫರ್ನೇಸಿನಲ್ಲಿ ನಿಂತಲ್ಲೇ ಮತ್ತೆ ಏರುವುದು ಗೊತ್ತಾಗಿದ್ದೇ ಅದರಿಂದ. ಮೆಟಲ್‌ಗೆ ಹೈಡ್ರೋಜನ್ ಬರುವುದು ಗಾಳಿಯ ನೀರಾವಿಯಿಂದ, ಆದರೆ ಗೋಡೆಯ ತೇವಾಂಶ ಮೀಟರ್ ತೋರಿಸುವ ಶೇಕಡ ಒಂದನ್ನೇ ನಂಬಬೇಡಿ. 30 ಡಿಗ್ರಿಯಲ್ಲಿ ಶೇ 90 ಅಂದರೆ ನೀರಾವಿಯ ಒತ್ತಡ ಸುಮಾರು 38 ಮಿಲಿಬಾರ್. 20 ಡಿಗ್ರಿಯಲ್ಲಿ ಅದೇ ಶೇ 90 ಅಂದರೆ 21. ಈ ಒತ್ತಡ ನಾಲ್ಕು ಪಟ್ಟಾದರೆ ಮೆಟಲ್ ಹಿಡಿದುಕೊಳ್ಳುವ ಹೈಡ್ರೋಜನ್ ಎರಡು ಪಟ್ಟಾಗುತ್ತದೆ.

ಬೆಳಗಾವಿ ವ್ಯಾಕ್ಯೂಮ್: ಅಷ್ಟು ದುಡ್ಡು ಯಾಕ್ರೀ? ನಮ್ಮ ವ್ಯಾಕ್ಯೂಮ್ ಟೆಸ್ಟ್ ಯಂತ್ರ ಹಳೆಯದು, ಇವತ್ತಿಗೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ಪಂಪಿನ ಎಣ್ಣೆ. ಜುಲೈನಲ್ಲಿ ನೀರು ಸೇರಿ ಮಜ್ಜಿಗೆಯಂತಾಗಿತ್ತು. ಒತ್ತಡ ಟೆಸ್ಟಿಗೆ ಬೇಕಾದ 80 ಮಿಲಿಬಾರ್‌ಗೆ ಇಳಿಯುತ್ತಲೇ ಇರಲಿಲ್ಲ. ಸ್ಯಾಂಪಲ್ ಉಬ್ಬಲಿಲ್ಲ, ಇಂಡೆಕ್ಸ್ ಚೆನ್ನಾಗೇ ಬಂತು, ಪೀಸುಗಳು ಮಾತ್ರ ಮಷೀನಿಂಗ್ ಆದ ಮೇಲೆ ವಾಪಸ್ ಬಂದವು. ಹೋಗಿಬರುವ ಲಾರಿ ಬಾಡಿಗೆ, ಗಿರಾಕಿಯ ಮಷೀನಿಂಗ್ ಖರ್ಚು, ಮತ್ತೆ ಕರಗಿಸುವ ಡೀಸೆಲ್, ಎಲ್ಲ ನಮ್ಮ ತಲೆಗೇ. ಈಗ ಗ್ಯಾಸ್ ಬ್ಯಾಲಾಸ್ಟ್ (ಪಂಪಿಗೆ ಸ್ವಲ್ಪ ಗಾಳಿ ಬಿಟ್ಟು ನೀರಾವಿ ಹೊರಹಾಕುವ ವಾಲ್ವ್) ತೆರೆದು ಪಂಪ್ ಬಿಸಿಯಾದ ಮೇಲೇ ಟೆಸ್ಟ್. ಕಪ್, ಲ್ಯಾಡಲ್ ಎರಡನ್ನೂ ಕಾಯಿಸುತ್ತೇವೆ.

ಕರಾವಳಿ ಫೌಂಡ್ರಿ: ಡೆನ್ಸಿಟಿ ಇಂಡೆಕ್ಸ್ ಹೈಡ್ರೋಜನ್ ಅಳತೆಯೇ ಅಲ್ಲ ಸರ್. ಆಕ್ಸೈಡ್ ಪೊರೆ ಜಾಸ್ತಿ ಇದ್ದರೆ ಗ್ಯಾಸ್ ಕಡಿಮೆ ಇದ್ದರೂ ಇಂಡೆಕ್ಸ್ ಏರುತ್ತದೆ. ಇಷ್ಟು ವರ್ಷ ಏನು ಅಳೆದಿರಿ ಹಾಗಾದರೆ?

ಬೆಳಗಾವಿ ವ್ಯಾಕ್ಯೂಮ್: ನನಗೆ ಪಾಠ ಬೇಡ. ಗಿರಾಕಿ ಪೀಸು ವಾಪಸ್ ಕಳಿಸುವುದು ತೂತು ನೋಡಿ, ನಿಮ್ಮ ಮಿಲಿಲೀಟರ್ ನೋಡಿ ಅಲ್ಲ. ಆಕ್ಸೈಡೂ ಸೇರಿ ತೋರಿಸಿದರೆ ಒಳ್ಳೆಯದೇ ಅಲ್ವಾ?

ಹೊಸೂರು ಡೈ: ಅಳತೆ ಬಿಡಿ, ಡಿಗ್ಯಾಸಿಂಗ್ ಟ್ಯಾಬ್ಲೆಟ್ (ಹೈಡ್ರೋಜನ್ ತೆಗೆಯಲು ಮೆಟಲ್‌ಗೆ ಹಾಕುವ ಕ್ಲೋರಿನ್ ಇರುವ ಮಾತ್ರೆ) ಎಲ್ಲಿ ಇಡುತ್ತೀರಿ ಹೇಳಿ. ನಮ್ಮಲ್ಲಿ ತೆರೆದ ಡಬ್ಬದ ಟ್ಯಾಬ್ಲೆಟ್ ತೇವ ಹೀರಿ, ಹಾಕಿದಷ್ಟೂ ಗ್ಯಾಸ್ ಜಾಸ್ತಿಯಾಯಿತು. ಪೂರ್ತಿ ಬಿಟ್ಟು, ತಿರುಗುತ್ತಾ ಮೆಟಲ್ ಒಳಗೆ ನೈಟ್ರೋಜನ್ ಗುಳ್ಳೆ ಬಿಡುವ ನೈಟ್ರೋಜನ್ ರೋಟರಿಗೆ ಬಂದೆವು.

ಬೆಳಗಾವಿ ವ್ಯಾಕ್ಯೂಮ್: ತಪ್ಪು ಟ್ಯಾಬ್ಲೆಟ್‌ದಲ್ಲ, ಡಬ್ಬ ಮುಚ್ಚದವರದು. ನಮ್ಮವು ಓವನ್ ಪಕ್ಕ ಒಣಗಿಯೇ ಇರುತ್ತವೆ.

ಹೊಸೂರು ಡೈ: ಆ ಕ್ಲೋರಿನ್ ಹೊಗೆ ನುಂಗುವ ನಿಮ್ಮ ಫರ್ನೇಸ್ ಹುಡುಗರನ್ನು ಕೇಳಿ ನೋಡಿ, ತಪ್ಪು ಯಾವುದರದು ಅಂತ.