ಗಜನಿಯ ಮೇಲೆ ರಸ್ತೆ ಅಗಲೀಕರಣ: ಹಳೆಯ ಡಾಂಬರಿನಲ್ಲಿ ಬಿರುಕು

ಕುಮಟಾ ಸೈಟ್:
ಅಘನಾಶಿನಿ ಅಳಿವೆಯ ಬದಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಬಯಲು) ಹಳೆಯ ರಸ್ತೆಯನ್ನು ಒಂದೇ ಮಗ್ಗುಲಿಗೆ 6 ಮೀಟರ್ ಅಗಲಿಸುತ್ತಿದ್ದೇವೆ. ಹೊಸ ಏರಿ 3 ಮೀಟರ್ ಎತ್ತರ ಬರಬೇಕು. 2.5 ಮೀಟರ್ ಮುಟ್ಟುವಷ್ಟರಲ್ಲಿ ಹಳೆಯ ಡಾಂಬರಿನ ಅಂಚಿನುದ್ದಕ್ಕೂ ಬಿರುಕು ಬಿಟ್ಟಿದೆ. ಕೆಳಗೆ 8 ಮೀಟರ್ ಮೆತ್ತನೆಯ ಜೇಡಿ. ಜೇಡಿಯೊಳಗೆ ರೆಕ್ಕೆಯ ಸಲಾಕೆ ತಿರುಗಿಸಿ ನೋಡುವ ವೇನ್ ಪರೀಕ್ಷೆಯಲ್ಲಿ ಬಲ 12 ಕಿಲೋಪಾಸ್ಕಲ್, ಜೇಡಿಯ ಜಿಗುಟನ್ನು ಹೇಳುವ ಪ್ಲಾಸ್ಟಿಸಿಟಿ ಸೂಚ್ಯಂಕ 50. ಪಿವಿಡಿ (ಜೇಡಿಯ ನೀರು ಬಸಿಯಲು ನೇರ ಕೆಳಗಿಳಿಸುವ ಸಿದ್ಧ ಪಟ್ಟಿಗಳು) ಇಳಿಸಿ ಮೇಲೆ ಇನ್ನಷ್ಟು ಮಣ್ಣು ಹೇರೋಣ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಮಣ್ಣುಗಣಿತ:
ಬೇಡ. ಮೊದಲು ಒಂದು ವಿಷಯ ಹೇಳಿ: ಏರಿಯ ಬುಡದಾಚೆ ಗದ್ದೆ ಉಬ್ಬಿದೆಯೇ? ಬಿರುಕಿನ ಹೊಸ ಮಗ್ಗುಲು ಕೆಳಗಿಳಿದಿದೆಯೇ?

ಕುಮಟಾ ಸೈಟ್:
ಎರಡೂ ಹೌದು ಸರ್. ಗದ್ದೆಯ ಬದು ಓರೆಯಾಗಿದೆ.

ಮಣ್ಣುಗಣಿತ:
ಹಾಗಾದರೆ ಇದು ಬರಿಯ ಕುಸಿತವಲ್ಲ (ಭಾರಕ್ಕೆ ಜೇಡಿ ನಿಧಾನವಾಗಿ ಅಮರಿ ಇಳಿಯುವುದಲ್ಲ), ಜಾರುವಿಕೆ ಶುರುವಾಗಿದೆ. ಇಂದೇ ಮಣ್ಣು ಹಾಕುವುದನ್ನು ನಿಲ್ಲಿಸಿ.

ಲೆಕ್ಕ ನೋಡಿ. ವೇನ್ ಕೊಡುವ ಬಲ ಇಂಥ ಜಿಗುಟು ಜೇಡಿಯಲ್ಲಿ ನಿಜಕ್ಕಿಂತ ಹೆಚ್ಚು. ನಾರ್ವೆಯ ಮಣ್ಣುತಜ್ಞ ಬ್ಯೆರ್ರುಮ್ 1972ರಲ್ಲಿ ಕೊಟ್ಟ ತಿದ್ದುಪಡಿಯಂತೆ ಸುಮಾರು 0.8ರಿಂದ ಗುಣಿಸಬೇಕು. 12 ಆಗ 9.6 ಆಗುತ್ತದೆ. ಅದನ್ನು ಜೇಡಿಯ ಭಾರ ತಾಳುವ ಗುಣಕ 5.14ರಿಂದ ಗುಣಿಸಿದರೆ ಜೇಡಿ ತಾಳುವುದು 49 ಕಿಲೋಪಾಸ್ಕಲ್. ಘನ ಮೀಟರಿಗೆ 19 ಕಿಲೋನ್ಯೂಟನ್ ತೂಗುವ ಮಣ್ಣಾದರೆ 2.6 ಮೀಟರಿಗೇ ಮಿತಿ ಮುಗಿಯಿತು. ನೀವು ಸರಿಯಾಗಿ ಅಲ್ಲಿಯೇ ನಿಂತಿದ್ದೀರಿ.

ಪಿವಿಡಿ ಒಳ್ಳೆಯ ವಿಧಾನವೇ, ಬಯಲಿನಲ್ಲಿ. ಅದು ಕುಸಿತವನ್ನು ಬೇಗ ಮುಗಿಸುತ್ತದೆ, ಕಡಿಮೆ ಮಾಡುವುದಿಲ್ಲ. ಹಳೆಯ ಏರಿ ತನ್ನ ಪಾಲಿನ ಕುಸಿತವನ್ನು ಎಂದೋ ಮುಗಿಸಿ ಕುಳಿತಿದೆ. ಪಕ್ಕದ್ದು ಹೊಸದಾಗಿ ಇಳಿದರೆ ಹಳೆಯದನ್ನೂ ಎಳೆದುಕೊಂಡೇ ಇಳಿಯುತ್ತದೆ. ಅಗಲೀಕರಣದಲ್ಲಿ ಹೊಸ ಏರಿ ನಿಂತೀತೇ ಎಂದು ಎಲ್ಲರೂ ಕೇಳುತ್ತಾರೆ, ಹಳೆಯದು ಅಲುಗೀತೇ ಎಂದು ಯಾರೂ ಕೇಳುವುದಿಲ್ಲ.

ನನ್ನ ಸಲಹೆ: ಮೇಲಿನ ಒಂದು ಮೀಟರ್ ತೆಗೆಯಿರಿ. ಉಳಿದ ಎತ್ತರಕ್ಕೆ ಮಣ್ಣಿನ ಬದಲು ಹಾರುಬೂದಿ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿ) ಬಳಸಿ ತೂಕ ಇಳಿಸಿ. ಹಾರುಬೂದಿ ಗಟ್ಟಿಸಿದ ಮೇಲೂ ಘನ ಮೀಟರಿಗೆ 12–13 ಕಿಲೋನ್ಯೂಟನ್ ಮಾತ್ರ. ಕೆಳಗೆ ನೆರೆಮಟ್ಟ ಮೀರುವಂತೆ ಮರಳಿನ ಹಾಸು, ಬದಿಗೆ ಮಣ್ಣಿನ ಹೊದಿಕೆ ಇರಲೇಬೇಕು. ಹಾರುಬೂದಿಯ ಏರಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ ಎಸ್‌ಪಿ 58 ನೋಡಿ. ನಾರ್ವೆಯವರು 1972ರಲ್ಲೇ ಥರ್ಮೋಕೋಲ್ ದಿಮ್ಮಿಗಳ ಮೇಲೆ ರಸ್ತೆ ಮಾಡಿದ್ದಾರೆ, ಆದರೆ ಇಲ್ಲಿ ಅದರ ದರ ಕೇಳಿದರೆ ನಿಮ್ಮ ಮೇಲಧಿಕಾರಿ ಕುರ್ಚಿ ಬಿಟ್ಟು ಎದ್ದಾರು.

ಜೋಡಿಹಳಿ:
ನಮ್ಮದು ರೈಲು ಓಡುತ್ತಿರುವ ಹಳಿಯ ಪಕ್ಕ ಎರಡನೇ ಹಳಿ, ಇಂಥದೇ ಜೇಡಿ. ಜೇಡಿಯಲ್ಲಿ ಕೊರೆದು ಜಲ್ಲಿ ತುಂಬುವ ಕಲ್ಲುಕಂಬ ನಡೆದೀತೇ?

ಮಣ್ಣುಗಣಿತ:
ಹಳಿಗೆ ಅಂಟಿಕೊಂಡು ಬೇಡ. ಕಂಪನದಿಂದ ಕೊರೆಯುವಾಗ ಜೇಡಿ ಪಕ್ಕಕ್ಕೆ ತಳ್ಳಲ್ಪಡುತ್ತದೆ, ಹಳಿಯ ಮಟ್ಟ ಕೆಡುತ್ತದೆ. ಆಳದಲ್ಲಿ ಸಿಮೆಂಟ್ ಬೆರೆಸುವ ವಿಧಾನ ಮೇಲು: ಕಂಬಗಳನ್ನು ಬಿಡಿಬಿಡಿಯಾಗಿ ನೆಡದೆ, ಹಳಿಗೆ ಅಡ್ಡಲಾಗಿ ಒಂದಕ್ಕೊಂದು ತಾಗಿಸಿ ಗೋಡೆಯಂತೆ ಮಾಡಿ. ಉಪ್ಪುನೀರಿನ ಜೇಡಿಯಾದರೆ ಬರಿಯ ಸುಣ್ಣ ನಂಬಬೇಡಿ, ಸಲ್ಫೇಟ್ ಇದ್ದರೆ ಉಬ್ಬುತ್ತದೆ. ಸ್ಲ್ಯಾಗ್ ಸಿಮೆಂಟನ್ನು (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆತದ್ದು) ನಿಮ್ಮದೇ ಮಣ್ಣಿನೊಂದಿಗೆ ಪ್ರಯೋಗಾಲಯದಲ್ಲಿ ಬೆರೆಸಿ ನೋಡಿ.

ಕುಮಟಾ ಸೈಟ್:
ತೆಗೆದ ಮಣ್ಣನ್ನು ಏನು ಮಾಡಲಿ?

ಮಣ್ಣುಗಣಿತ:
ಏರಿಯ ಬುಡದಾಚೆ, ಉಬ್ಬಿದ ಗದ್ದೆಯ ಮೇಲೆ ತಗ್ಗಾಗಿ ಹರಡಿ; ಜಾರುವುದಕ್ಕೆ ಅದೇ ಎದುರುಭಾರ. ಗದ್ದೆಯವರ ಒಪ್ಪಿಗೆ ಮೊದಲು ಪಡೆಯಿರಿ, ಇಲ್ಲದಿದ್ದರೆ ಅಳತೆಗೆ ನೆಟ್ಟ ಗೂಟಗಳೂ ಉಳಿಯುವುದಿಲ್ಲ.