ಜೌಗು ಮುಚ್ಚಿದ್ದು ಯಾರು, ಲೆಕ್ಕ ಬರೆಯೋದು ಯಾರು? (ಬಡಾವಣೆಯ ಗುಂಪಿನ ಸಂದೇಶಗಳು)

ಮನೆ 14: ರಾತ್ರಿ ಎರಡೂವರೆಗೆ ಮತ್ತೆ ಅದೇ ಮೋರಿ, ಅದೇ ನೀರು. ಮನೆಗಳ ಹಿಂದಿರೋ ಜೌಗಿಗೆ ಮಣ್ಣು ಸುರಿಯೋಕೆ ಸಹಿ ಹಾಕಿದವರು ಈಗ ಬಂದು ಬಳಿದುಹಾಕಲಿ!

ಮನೆ 31: ಸಹಿ ಹಾಕಿದ್ದು ಹಳೇ ಕಮಿಟಿ. ಸಭೆಗೇ ಬಾರದವರು ಇಲ್ಲಿ ಕೂಗಾಡಬೇಡಿ.

ಮನೆ 7: ಜಗಳ ಆಮೇಲೆ ಸರ್. ಉಳಿದ ಜೌಗನ್ನಾದ್ರೂ ಉಳಿಸಿ ಅಂತ ಆಡಳಿತಕ್ಕೆ ಅರ್ಜಿ ಕೊಡೋಕೆ ಅದರ ಬೆಲೆ ಲೆಕ್ಕ ಹಾಕಬೇಕು. ಈಗ ಕಡತದಲ್ಲಿ ಆ ಜಾಗದ ಪಾರ್ಕಿಂಗ್ ಆದಾಯ ಬರೆದಿದೆ, ಜೌಗಿನ ಕಾಲಂ ಖಾಲಿ. ಖಾಲಿ ಬಿಟ್ಟರೆ ಸೊನ್ನೆ ಅಂತಲೇ ಓದ್ತಾರೆ. ಉಳಿದಿರೋ ಜೌಗು 2 ಹೆಕ್ಟೇರ್. ಅರ್ಧ ಮೀಟರ್ ನೀರು ಹೆಚ್ಚಿಗೆ ಹಿಡಿದ್ರೂ 10,000 ಘನ ಮೀಟರ್. ಅಷ್ಟು ಹಿಡಿಯೋ ಕಾಂಕ್ರೀಟ್ ತೊಟ್ಟಿಗೆ ಎಂಜಿನಿಯರ್ ಹತ್ರ ಅಂದಾಜು ಬರೆಸಿ, ಅದೇ ಬದಲಿ ವೆಚ್ಚ, ಅಂದ್ರೆ ಜೌಗಿನ ಕೆಲಸವನ್ನು ನಾವೇ ಕಟ್ಟಿ ಮಾಡಿಸಿದ್ರೆ ಬೀಳೋ ಖರ್ಚು. ಆದ್ರೆ ಮಳೆಗೆ ಮುಂಚೆ ಖಾಲಿ ಇರೋ ಆಳ ಮಾತ್ರ ಅಳೀಬೇಕು. ಮೊದಲೇ ತುಂಬಿದ ಜೌಗು ನೆರೆ ತಡೆಯಲ್ಲ.

ಮನೆ 31: ಮನೆಗಳ ಹಾನಿಯನ್ನೂ ಅದಕ್ಕೆ ಕೂಡಿಸಿ. ಮೊತ್ತ ದೊಡ್ಡದಾಗಲಿ.

ಮನೆ 7: ಎಡವೋದೇ ಅಲ್ಲಿ. ತೊಟ್ಟಿ, ಹಾನಿ ಎರಡೂ ನೆರೆ ತಡೆಯ ಲೆಕ್ಕವೇ. ಯಾವುದು ಕಡಿಮೆಯೋ ಅದೊಂದನ್ನೇ ಹಾಕಿ. ಮುಂದೆ ಸಿಗೋ ಲಾಭವನ್ನು ಇವತ್ತಿನ ಬೆಲೆಗೆ ಇಳಿಸೋ ಡಿಸ್ಕೌಂಟ್ ದರವನ್ನೂ ನೋಡ್ಕೊಳ್ಳಿ: 50 ವರ್ಷದ ನಂತರದ 100, ಶೇ. 3ರಲ್ಲಿ ಇವತ್ತಿಗೆ ಸುಮಾರು 23. ಶೇ. 10ರಲ್ಲಿ 1 ಕೂಡ ಇಲ್ಲ. ದರ ಏರಿಸಿದ್ರೆ ಜೌಗು ಕಾಗದದ ಮೇಲೇ ಬತ್ತಿಹೋಗುತ್ತೆ.

ಮನೆ 22: ಫಾರ್ವರ್ಡ್: "ಒಂದು ಮರದ ಬೆಲೆ ಕೋಟಿಗಟ್ಟಲೆ! ಹತ್ತು ಗುಂಪಿಗೆ ಕಳಿಸಿ"

ಮನೆ 7: ಇಂಥ ಅಂಕಿಯಿಂದಲೇ ಅರ್ಜಿ ಬಿದ್ದುಹೋಗೋದು. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಅನ್ನೋ ಸಂಶೋಧಕರ ತಂಡ ಇಡೀ ಭೂಮಿಯಲ್ಲಿ ಪ್ರಕೃತಿ ಕೊಡೋ ಸೇವೆಗಳಿಗೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಅಂದಿತ್ತು. ಸುದ್ದಿಯಾಯ್ತು, ಆದ್ರೆ ಒಂದು ಮೋರಿ ನಿರ್ಧಾರಕ್ಕೂ ಅದು ಬರಲ್ಲ. ಕೆಲಸಕ್ಕೆ ಬರೋದು ಬದಲಿ ವೆಚ್ಚ: ನ್ಯೂಯಾರ್ಕ್ ನಗರ ತನಗೆ ಕುಡಿಯೋ ನೀರು ಕೊಡೋ ಕ್ಯಾಟ್ಸ್‌ಕಿಲ್ ಜಲಾನಯನ ಕಾಪಾಡಿದ್ದು ಯಾಕೆ? ಇಲ್ಲದಿದ್ರೆ ದುಬಾರಿ ಶೋಧನಾ ಘಟಕ ಕಟ್ಟಬೇಕಿತ್ತು.

ಮನೆ 22: ಕಪ್ಪೆಗಳಿಗೂ ಮೇಂಟೆನೆನ್ಸ್ ಬಿಲ್ ಕಳಿಸಿ ಹಹಹ

ಮನೆ 19: ಪಕ್ಕದ ಕಾರ್ಖಾನೆಯವರನ್ನೂ ಸೇರಿಸಿ. ಕಂಪನಿಗಳು ಪ್ರಕೃತಿಯ ಲೆಕ್ಕ ಇಡೋಕೆ ಇರೋ 2016ರ ಮಾರ್ಗಸೂಚಿ ನ್ಯಾಚುರಲ್ ಕ್ಯಾಪಿಟಲ್ ಪ್ರೋಟೋಕಾಲ್, ಪ್ರಕೃತಿಯ ಮೇಲಿನ ಪರಿಣಾಮದ ಜೊತೆ ಅದರ ಮೇಲಿನ ಅವಲಂಬನೆಯನ್ನೂ ಕೇಳುತ್ತೆ. ಜೌಗು ಹೋಗಿ ಕೊಳವೆಬಾವಿಯ ಮಟ್ಟ ಇಳಿದ್ರೆ ನೀರಿಗೆ ಎಷ್ಟು ಖರ್ಚು ಅಂತ ಅವರೇ ಹೇಳಲಿ. ಆಡಳಿತಕ್ಕೆ ಕೊಡೋ ಪಟ್ಟಿ ವಿಶ್ವಸಂಸ್ಥೆಯ 2021ರ ಪರಿಸರ ವ್ಯವಸ್ಥೆಗಳ ಲೆಕ್ಕಪದ್ಧತಿಯ ಕ್ರಮದಲ್ಲಿರಲಿ: ವಿಸ್ತೀರ್ಣ, ಸ್ಥಿತಿ, ಸೇವೆ, ಕೊನೆಗೆ ಹಣ.

ಮನೆ 31: ಪಟ್ಟಿ ನನ್ನ ಮೂಲಕವೇ ಹೋಗಬೇಕು. ಅಧ್ಯಕ್ಷ ನಾನು.

ಮನೆ 14: ಅಧ್ಯಕ್ಷರೇ, ಮೋರಿ ಕಸ ಯಾವಾಗ ತೆಗೆಸ್ತೀರಿ?

ಮನೆ 7: ಭಾನುವಾರ ಆಳ ಅಳೆಯೋಕೆ ಇಬ್ಬರು ಬೇಕು. ಹಗ್ಗ, ಅಳತೆ ಕೋಲು ಸಾಕು. ಹತ್ತು ಕಡೆ ಅಳೆದು ಸರಾಸರಿ ತೆಗೆಯೋಣ. ಯಾರು ಬರ್ತೀರಿ?

ಮನೆ 40: ಗೇಟಿಗೆ ಅಡ್ಡ ನಿಂತಿರೋ ಬಿಳಿ ಕಾರು ಯಾರದ್ದು?

ಮನೆ 31: ಹೌದು, ಮೊದಲು ಅದಕ್ಕೊಂದು ದಾರಿ ಮಾಡಿ.